ಕಠಿಣಚರ್ಮಿ ಡಿಂಭಗಳು: ರೂಪವೈವಿಧ್ಯದ ಇತಿಹಾಸ

ಸೀಗಡಿ, ಏಡಿ, ಲಾಬ್‌ಸ್ಟರ್, ಬಾರ್ನಕಲ್ ಮೊದಲಾದ ಕಡಲ ಕಠಿಣಚರ್ಮಿಗಳ (ಕ್ರಸ್ಟೇಸಿಯ) ಮರಿಗಳಲ್ಲಿ ಹೆಚ್ಚಿನವು ಮೊಟ್ಟೆಯೊಡೆದು ಬಂದಾಗ ತಾಯಿಯನ್ನು ಎಳ್ಳಷ್ಟೂ ಹೋಲುವುದಿಲ್ಲ. ಪೊರೆ ಕಳಚಿದಂತೆಲ್ಲ ರೂಪ ಬದಲಾಗುತ್ತದೆ. ಡಿಂಭಗಳೆಂದು ಕರೆಯುವ ಈ ಎಳೆಯ ರೂಪಗಳನ್ನು ವಿಜ್ಞಾನಿಗಳು ಬಹುಕಾಲ ಬೇರೆ ಬೇರೆ ಪ್ರಾಣಿಗಳೆಂದೇ ಎಣಿಸಿದ್ದರು.

18ನೆಯ ಶತಮಾನದಲ್ಲಿ ಡೆನ್ಮಾರ್ಕಿನ ಒ. ಎಫ್. ಮುಲ್ಲರ್ ‘ನೌಪ್ಲಿಯಸ್’ ಎಂಬ ಪ್ರಾಣಿಕುಲವನ್ನೇ ಸ್ಥಾಪಿಸಿದ. 1802ರಲ್ಲಿ ಫ್ರಾನ್ಸಿನ ಬಾಸ್ಕ್ ‘ಜೋಯಿಯ’ವನ್ನೂ ಆಮೇಲೆ ಇಂಗ್ಲೆಂಡಿನ ಲೀಚ್ ‘ಮೆಗಲೋಪ’, ‘ಫಿಲ್ಲೊಸೋಮ’ಗಳನ್ನೂ ಸೇರಿಸಿದರು. ಕುಲಗಳು ಅಳಿದವು, ಹೆಸರುಗಳು ಬೆಳವಣಿಗೆಯ ಹಂತಗಳಿಗೆ ಉಳಿದವು.

ಗಂಟು ಬಿಡಿಸಿದವನು ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಮ್ಸನ್. ಏಡಿಯ ಮೊಟ್ಟೆಯಿಂದ ಜೋಯಿಯ ಹೊರಬರುವುದನ್ನು ಆತ 1828ರ ಸುಮಾರಿಗೆ ತೋರಿಸಿಕೊಟ್ಟ. 1830ರಲ್ಲಿ, ಮೃದ್ವಂಗಿಯೆಂದು ನಂಬಿದ್ದ ಬಾರ್ನಕಲ್ಲನ್ನು ಅದರ ಡಿಂಭದ ಆಧಾರದಿಂದ ಸೀಗಡಿಯ ಬಳಗಕ್ಕೆ ತಂದ. ಕಠಿಣಚರ್ಮಿಗಳು ಹೀಗೆ ರೂಪ ಬದಲಿಸುತ್ತವೆಂಬುದನ್ನು ಹಲವರು ಒಪ್ಪಲಿಲ್ಲ. ಸಿಹಿನೀರಿನ ಕ್ರೇಫಿಶ್ ನೇರವಾಗಿ ಪುಟ್ಟ ಕ್ರೇಫಿಶ್ ಆಗಿಯೇ ಹುಟ್ಟುತ್ತದೆಂದು ಜರ್ಮನಿಯ ರಾಟ್ಕೆ 1829ರಲ್ಲಿ ವಿವರಿಸಿದ್ದ. ವಾಸ್ತವವಾಗಿ ಎರಡೂ ನಿಜ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಒಳನಾಡಿನ ಸಿಹಿನೀರಿನ ಏಡಿಗೂ ಡಿಂಭಾವಸ್ಥೆಯಿಲ್ಲ. ಹೆಣ್ಣೇಡಿಯ ಹೊಟ್ಟೆಯಡಿಯ ಮಡಿಕೆ ಬಿಡಿಸಿದರೆ, ಕಾಲು ಕೊಂಡಿ ಸಮೇತ ಮರಿಗಳು ಗುಂಪಾಗಿ ಅಂಟಿಕೊಂಡಿರುವುದು ಕಾಣಸಿಗುತ್ತದೆ. ಥಾಮ್ಸನ್‌ನ ಏಡಿ ಮಾತ್ರ ಕಡಲಿನದು.

ಬ್ರೆಜಿಲಿನಲ್ಲಿ ನೆಲೆಸಿದ್ದ ಫ್ರಿಟ್ಸ್ ಮುಲ್ಲರ್ ಕೆಲವು ಸೀಗಡಿಗಳೂ ನೌಪ್ಲಿಯಸ್ ಹಂತವನ್ನು ಹಾದುಬರುತ್ತವೆಂದು ಕಂಡು, 1864ರ ತನ್ನ ಕೃತಿಯಲ್ಲಿ ಅದನ್ನು ಡಾರ್ವಿನ್ನನ ವಿಕಾಸವಾದಕ್ಕೆ ಬೆಂಬಲವಾಗಿ ಬಳಸಿದ. ಮೂರು ಜೊತೆ ಅವಯವ, ನಡುವೆ ಒಂದೇ ಕಣ್ಣು, ಇಷ್ಟೇ ನೌಪ್ಲಿಯಸ್. ಜೋಯಿಯದ ತಲೆ-ಬೆನ್ನಿನ ನೀಳ ಮುಳ್ಳುಗಳು ಅದನ್ನು ಸಣ್ಣ ಮೀನಿನ ಬಾಯಿಂದ ಕಾಪಾಡುತ್ತವೆ. ಲಾಬ್‌ಸ್ಟರಿನ ಫಿಲ್ಲೊಸೋಮ ಎಲೆಯಂತೆ ಚಪ್ಪಟೆ, ಗಾಜಿನಷ್ಟು ಪಾರದರ್ಶಕ, ತಿಂಗಳುಗಟ್ಟಲೆ ತೇಲುತ್ತದೆ. ಬಾರ್ನಕಲ್ಲಿನ ಸಿಪ್ರಿಸ್ ಡಿಂಭ ಏನೂ ತಿನ್ನದು. ಅಂಟಿಕೊಳ್ಳಲು ಜಾಗ ಹುಡುಕುವುದೊಂದೇ ಅದರ ಕೆಲಸ.

ಉತ್ತರ ಕನ್ನಡದ ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ಕೊಯ್ಲಾದ ಮೇಲೆ ಉಬ್ಬರದ ನೀರು ಬಿಟ್ಟು ಸೀಗಡಿ ಬೆಳೆಸುವುದುಂಟು. ಆ ನೀರಿನೊಡನೆ ಬರುವ ಮರಿಗಳು ಕಡಲಿನಲ್ಲಿ ನೌಪ್ಲಿಯಸ್, ಪ್ರೋಟೋಜೋಯಿಯ, ಮೈಸಿಸ್ ಹಂತಗಳನ್ನು ಮುಗಿಸಿಕೊಂಡವು. ಒಂದೊಂದು ಹಂತಕ್ಕೆ ಬೇಕಾದ ಆಹಾರವನ್ನು ಜಪಾನಿನ ಮೊತೊಸಾಕು ಫುಜಿನಾಗ 1930ರ ದಶಕದಿಂದ ಶೋಧಿಸತೊಡಗಿದ್ದರಿಂದಲೇ ಇಂದಿನ ಸೀಗಡಿ ಮರಿ ಕೇಂದ್ರಗಳು ಸಾಧ್ಯವಾದವು.

ಹಳೆಯ ಗೊಂದಲ ಪೂರ್ತಿ ತೀರಿಲ್ಲ. 1828ರಲ್ಲಿ ಹೆಸರಿಟ್ಟಿದ್ದ ವಿಕಾರರೂಪಿ ‘ಸೆರಟಾಸ್ಪಿಸ್’ ಆಳಕಡಲ ಸೀಗಡಿಯೊಂದರ ಡಿಂಭವೆಂದು ಡಿಎನ್ಎ ಪರೀಕ್ಷೆಯಿಂದ ತಿಳಿದದ್ದು 2012ರಲ್ಲಿ. 1899ರಲ್ಲಿ ಹ್ಯಾನ್ಸನ್ ವಿವರಿಸಿದ ‘ವೈ-ಡಿಂಭ’ದ ಪ್ರೌಢರೂಪ ಈವರೆಗೂ ಸಿಕ್ಕಿಲ್ಲ.

ನೌಪ್ಲಿಯಸ್ ನೋಡಲು ಮಾತ್ರ ಒಳನಾಡಿನವರು ಕಡಲಿಗೆ ಹೋಗಬೇಕಿಲ್ಲ. ಕೆರೆನೀರಿನ ಪುಟ್ಟ ಕಠಿಣಚರ್ಮಿ ಸೈಕ್ಲಾಪ್ಸ್‌ನ ಮರಿಯೂ ಅದೇ ರೂಪದ್ದು. ತೆಳುಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದರ ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಟ್ಟು ನೋಡಬಹುದು.