ಬಾವಿಯಿಂದ ಗಾಜಿನ ತೊಟ್ಟಿಗೆ: ತೆಂಗಿನ ಸೀಮೆಯಲ್ಲಿ ಮರಿ ಹಾಕುವ ಮೀನು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಅಕ್ವೇರಿಯಂನಲ್ಲಿ ಓಡಾಡುವ ಗಪ್ಪಿ ಇವತ್ತು ಶೋಕಿಯ ಮೀನು. ಆದರೆ ನಮ್ಮ ಹಳ್ಳಿಗಳಿಗೆ ಅದನ್ನು ಮುಟ್ಟಿಸಿದ್ದು ಸೊಳ್ಳೆಯ ಲಾರ್ವಾ ತಿನ್ನುವ ಕೆಲಸ. ವೆನೆಜುವೆಲಾ, ಟ್ರಿನಿಡಾಡ್ ಕಡೆಯ ಈ ಮೀನನ್ನು ಬರ್ಲಿನ್ನಿನ ವಿಲ್ಹೆಲ್ಮ್ ಪೀಟರ್ಸ್ 1859ರಲ್ಲಿ ಮೊದಲು ವಿವರಿಸಿದರು. ಅದರ ನೆಂಟ, ಅಮೆರಿಕದ ಗ್ಯಾಂಬೂಸಿಯಾ, 1928ರಲ್ಲಿ ಭಾರತಕ್ಕೆ ಬಂತು. ಎರಡೂ ಮೊಟ್ಟೆಯಿಡದೆ ಈಜಬಲ್ಲ ಮರಿಯನ್ನೇ ಹಾಕುತ್ತವೆ. ಹರಿಯುವ ನೀರಾಗಲಿ ಮೊಟ್ಟೆಯಿಡುವ ಜಾಗವಾಗಲಿ ಬೇಡವಾದ್ದರಿಂದ ಬಾವಿಯಲ್ಲೂ ಸಂತತಿ ಮುಂದುವರಿಯುತ್ತದೆ. ಆರೋಗ್ಯ ಇಲಾಖೆಗೆ ಇವು ಹಿಡಿಸಿದ್ದು, ಮನೆಯಲ್ಲಿ ಸಾಕಲು ಸುಲಭವಾದದ್ದು, ಕೆರೆಗೆ ಕಂಟಕವಾಗಬಲ್ಲದ್ದು ಎಲ್ಲವೂ ಈ ಒಂದೇ ಗುಣದಿಂದ.

ರೇಷ್ಮೆಹುಳು ಸಾಕುವ ಮನೆಗಳಲ್ಲಿ ಕೀಟನಾಶಕ ಸಿಂಪಡಿಸುವಂತಿಲ್ಲ. ಅಂಥ ಕಡೆ ಬಾವಿಗೆ ಮೀನು ಬಿಡುವುದೇ ದಾರಿಯಾಯಿತು. 2001ರ ಡಿಸೆಂಬರ್‌ನಲ್ಲಿ ತುಮಕೂರು ಜಿಲ್ಲೆಯಲ್ಲಿ ಎರಡು ವಾರ ಕಲಾಜಾಥಾ ನಡೆಸಿ, ಮಲೇರಿಯಾ ತಡೆಯುವ ಬಗೆಯನ್ನು ಹಾಡು, ನಾಟಕಗಳ ಮೂಲಕ ಜನರಿಗೆ ಮುಟ್ಟಿಸಿದರು. ರಾಜ್ಯದ ಹಳ್ಳಿಗಳ ಬಾವಿಗಳಲ್ಲಿ ಈ ಮೀನುಗಳು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮೇಲೆ ಬೀರಿದ ಪರಿಣಾಮದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಲಾರ್ವಾ ಕಡಿಮೆಯಾದರೆ ಜ್ವರವೂ ಕಡಿಮೆಯಾದಂತೆಯೇ ಎನ್ನಬಹುದು. ಆದರೆ ಜಗತ್ತಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದ ಕಾಕ್ರೇನ್ ಸಮೀಕ್ಷೆ, ಜನರಿಗೆ ಮಲೇರಿಯಾ ತಗ್ಗಿದ್ದಕ್ಕೆ ನಂಬತಕ್ಕ ಪುರಾವೆ ಸಿಗಲಿಲ್ಲವೆಂದು 2013ರಲ್ಲಿ ಹೇಳಿತು.

ಈ ನಡುವೆ ತೆರೆದ ಬಾವಿಗಳು ಬತ್ತಿ ಬೋರ್‌ವೆಲ್‌ಗಳು ಬಂದವು. ಬಿಂದಿಗೆಯ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ಅವುಗಳ ಗಡಸು ನೀರು ಎಷ್ಟೋ ಮೀನಿಗೆ ಒಗ್ಗುವುದಿಲ್ಲ. ಅಕ್ವೇರಿಯಂನ ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಅದೇ ಹಿತ. ಇಲ್ಲಿಯ ಹವೆಗೆ ಹೀಟರೂ ಅಷ್ಟಾಗಿ ಬೇಕಿಲ್ಲ. ಹೆಣ್ಣು ಗಪ್ಪಿಯ ಹೊಟ್ಟೆಯ ಹಿಂಬದಿಯ ಕಪ್ಪು ಮಚ್ಚೆ ಹಿಗ್ಗಿ, ಹೊಟ್ಟೆ ಚೌಕವಾದಂತೆ ಕಂಡರೆ ಮರಿ ಹಾಕುವ ದಿನ ಹತ್ತಿರ. ಸುಮಾರು ನಾಲ್ಕು ವಾರಕ್ಕೊಂದು ಸೂಲು. ಒತ್ತಾದ ಪಾಚಿಯ ಮರೆ ಇಲ್ಲದಿದ್ದರೆ ತಾಯಿಯೇ ಮರಿಗಳನ್ನು ನುಂಗುತ್ತದೆ. ಮರೆ ಕೊಟ್ಟರೆ ಕೆಲವೇ ತಿಂಗಳಲ್ಲಿ ತೊಟ್ಟಿ ಕಿಕ್ಕಿರಿಯುತ್ತದೆ.

ಹೆಚ್ಚಾದದ್ದನ್ನು ಕೆರೆಗೆ ಬಿಟ್ಟರೇನು, ಸರ್ಕಾರವೇ ಬಿಟ್ಟ ಮೀನಲ್ಲವೇ ಎಂಬ ವಾದವುಂಟು. ಬಾವಿಗೆ ನಾಲ್ಕು ಗೋಡೆಯಿದೆ, ಕೆರೆಗೆ ಕೋಡಿಯಿದೆ. ತುರುವೇಕೆರೆಯ ಮಲ್ಲಾಘಟ್ಟದಂಥ ಕೆರೆ ಕೋಡಿ ಬಿದ್ದರೆ ಮೀನು ನೀರಿನ ಜೊತೆಗೇ ಕೆಳಗಿಳಿಯುತ್ತದೆ. ಜಗತ್ತಿನ ಅತಿ ಅಪಾಯಕಾರಿ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಗಪ್ಪಿಯ ನೆಂಟ ಗ್ಯಾಂಬೂಸಿಯಾ ಇದೆ. ಅದು ಊರ ಮೀನುಗಳ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಲಾರ್ವಾ ತಿನ್ನಲು ಪಂಚಾಕ್ಸ್‌ನಂಥ ನಮ್ಮದೇ ಮೀನುಗಳಿರುವಾಗ ಕೆರೆಗೆ ಹೊರಗಿನದು ಯಾಕೆ? ಹಾಗೆಂದು ಸಾಕುವುದನ್ನೇ ಬಿಡಬೇಕಿಲ್ಲ, ಸಂತಾನಕ್ಕೆ ಕಡಿವಾಣ ಹಾಕಿದರಾಯಿತು. ಮಾರಾಟಕ್ಕೆ ಬರುವ ಹೆಣ್ಣು ಬಹುಪಾಲು ಆಗಲೇ ಗಂಡಿನೊಡನೆ ಕೂಡಿರುತ್ತದೆ. ಒಮ್ಮೆ ಕೂಡಿದರೆ ವೀರ್ಯ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಹಾಗಾಗಿ ಆಮೇಲೆ ಬೇರ್ಪಡಿಸಿ ಫಲವಿಲ್ಲ. ಮೊದಲಿಗೇ ಗಂಡುಗಳನ್ನಷ್ಟೇ ತರುವುದು ಜಾಣತನ. ಗಪ್ಪಿಯಲ್ಲಿ ಬಣ್ಣದ ಬೆಡಗೆಲ್ಲ ಹೇಗೂ ಗಂಡಿನದೇ.