ಶಾಕ್‌ನಲ್ಲಿರುವ ಮಗು ದ್ರವಕ್ಕೆ ಸ್ಪಂದಿಸುವುದೇ? ಮುನ್ನಂದಾಜಿನ ಸಾಧ್ಯತೆ, ಮಿತಿ

ಶಾಕ್‌ನಲ್ಲಿ, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿಯಲ್ಲಿ, ಸಲೈನ್ ಕೊಟ್ಟ ಮೇಲೆ ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತ ಶೇ. 10ರಿಂದ 15ರಷ್ಟಾದರೂ ಹೆಚ್ಚಿದರೆ ಮಗು ದ್ರವಕ್ಕೆ ಸ್ಪಂದಿಸಿತು ಎಂದು ಲೆಕ್ಕ. ಹೆಚ್ಚದಿದ್ದರೆ ಆ ದ್ರವ ಶ್ವಾಸಕೋಶಕ್ಕೂ ಅಂಗಾಂಶಗಳಿಗೂ ಹೊರೆಯಾಗುತ್ತದೆ.

ಈ ಹೊರೆಯ ಪ್ರಶ್ನೆಯನ್ನು ತೀವ್ರಗೊಳಿಸಿದ್ದು 2011ರ ಫೀಸ್ಟ್ ಅಧ್ಯಯನ. ಉಗಾಂಡ, ಕೆನ್ಯಾ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದೊಂದಿಗೆ ರಕ್ತಸಂಚಾರ ಕುಂದಿದ್ದ 3,141 ಮಕ್ಕಳನ್ನು ಅದು ಗಮನಿಸಿತು. ವೇಗವಾಗಿ ಆಲ್ಬುಮಿನ್ ಎಂಬ ಪ್ರೋಟೀನ್ ದ್ರಾವಣ ಪಡೆದವರಲ್ಲಿ ಶೇ. 10.6, ಸಲೈನ್ ಪಡೆದವರಲ್ಲಿ ಶೇ. 10.5 ಮಕ್ಕಳು 48 ಗಂಟೆಗಳೊಳಗೆ ತೀರಿಕೊಂಡರು. ಎರಡನ್ನೂ ಪಡೆಯದವರಲ್ಲಿ ಶೇ. 7.3.

ಹಾಗಾದರೆ ಮೊದಲೇ ತಿಳಿಯುವುದು ಹೇಗೆ? ಹೃದಯದ ಬಳಿಯ ಅಭಿಧಮನಿಯ ಒತ್ತಡವಾಗಲಿ, ನಾಡಿಯ ವೇಗವಾಗಲಿ ನಂಬಿಕೆಗೆ ಅರ್ಹವಲ್ಲ. ಮಕ್ಕಳ ಮೇಲಿನ 12 ಅಧ್ಯಯನಗಳನ್ನು ಪರಿಶೀಲಿಸಿದ 2013ರ ವಿಮರ್ಶೆಯಲ್ಲಿ ಸ್ಥಿರವಾಗಿ ನಿಂತದ್ದು ಒಂದೇ ಅಳತೆ: ಮಹಾಪಧಮನಿಯಲ್ಲಿ ರಕ್ತದ ಗರಿಷ್ಠ ವೇಗ ಉಸಿರಿನೊಂದಿಗೆ ಎಷ್ಟು ಏರಿಳಿಯುತ್ತದೆ ಎಂಬುದು. ವಯಸ್ಕರಲ್ಲಿ ನೆರವಾಗುವ ನಾಡಿ ಒತ್ತಡದ ಏರಿಳಿತ ಇಲ್ಲಿ ಸೋಲುತ್ತದೆ. ಮಗುವಿನ ಎದೆಗೂಡು ಮೆದು, ಅಪಧಮನಿಗಳು ಹೆಚ್ಚು ಹಿಗ್ಗುವಂಥವು. ಆ ಏರಿಳಿತವನ್ನು ಅವು ನುಂಗಿಬಿಡುತ್ತವೆ ಎಂಬುದು ಸಾಮಾನ್ಯ ವಿವರಣೆ.

ಆದರೆ ಹೃದಯದ ಅಲ್ಟ್ರಾಸೌಂಡ್ ಆದ ಎಕೋದಿಂದ ಪಡೆಯುವ ಮಹಾಪಧಮನಿಯ ಅಳತೆಗೂ ಷರತ್ತುಗಳಿವೆ. ಅದು ಪರೀಕ್ಷೆಗೊಳಗಾದದ್ದು ಮುಖ್ಯವಾಗಿ ವೆಂಟಿಲೇಟರ್ ಮೇಲಿದ್ದ, ಅರಿವಳಿಕೆಯಲ್ಲಿದ್ದ ಮಕ್ಕಳಲ್ಲಿ. ಫೀಸ್ಟ್‌ನ ಮಕ್ಕಳು ತಾವೇ ಉಸಿರಾಡುತ್ತಿದ್ದವರು. ನಿರ್ಧಾರ ಅತ್ಯಂತ ಕಠಿಣವಾಗಿರುವ ಕಡೆಗೇ ಈ ಅಳತೆ ತಲುಪುವುದಿಲ್ಲ ಎಂಬುದು ನನಗೆ ಗಂಭೀರ ಕೊರತೆಯಾಗಿ ಕಾಣುತ್ತದೆ.

ಇನ್ನೂ ಒಂದು ಮಾತು. ಆರೋಗ್ಯವಂತ ಮಗುವಿನ ಹೃದಯವೂ ದ್ರವಕ್ಕೆ ಸ್ಪಂದಿಸುತ್ತದೆ; ಸ್ಪಂದಿಸಿದ ಮಾತ್ರಕ್ಕೆ ದ್ರವ ಅಗತ್ಯವೆಂದಲ್ಲ. ಮಳೆಗಾಲದಲ್ಲಿ ಕರ್ನಾಟಕದ ಮಕ್ಕಳ ವಾರ್ಡ್‌ಗಳು ಕಾಣುವ ಡೆಂಗಿ ಶಾಕ್‌ನಲ್ಲಿ ರಕ್ತದ ಪ್ಲಾಸ್ಮಾ ಸೋರಿಹೋಗುವುದರಿಂದ, ದ್ರವ ಬೇಕೇಬೇಕು. ಆದರೆ ಈ ಗಂಟೆಯ ಲಾಭ ಮುಂದಿನ ಗಂಟೆಗೆ ಎದೆಗೂಡಿನಲ್ಲಿ ನೀರಾಗಿ ಸೇರಬಹುದು.

ಮಕ್ಕಳ ಸೆಪ್ಸಿಸ್‌ಗಾಗಿ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) 2020ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ತೀವ್ರ ನಿಗಾ ಘಟಕವಿದ್ದಲ್ಲಿ ಪ್ರತಿ ಕಿಲೋ ತೂಕಕ್ಕೆ ಒಮ್ಮೆಗೆ 10ರಿಂದ 20 ಮಿ.ಲೀ.ಯಂತೆ, ಮೊದಲ ಗಂಟೆಯಲ್ಲಿ 40ರಿಂದ 60 ಮಿ.ಲೀ.ವರೆಗೆ ಕೊಡಬಹುದೆನ್ನುತ್ತದೆ. ಘಟಕವಿಲ್ಲದೆಡೆ, ರಕ್ತದೊತ್ತಡ ಕುಸಿಯದಿದ್ದರೆ, ವೇಗವಾಗಿ ದ್ರವ ಕೊಡಬಾರದು ಎನ್ನುತ್ತದೆ. ಪ್ರತಿ ಬಾರಿ ದ್ರವ ಕೊಟ್ಟ ಮೇಲೂ ಯಕೃತ್ತು ಕೆಳಗಿಳಿದಿದೆಯೇ ಎಂದು ಮುಟ್ಟಿ ನೋಡುವುದು, ಶ್ವಾಸಕೋಶದಲ್ಲಿ ಗೊರಗೊರ ಸದ್ದಿದೆಯೇ ಎಂದು ಆಲಿಸುವುದು ಜಿಲ್ಲಾ ಆಸ್ಪತ್ರೆಯಲ್ಲೂ ಸಾಧ್ಯ. ಮುಂದಿನ ಅಧ್ಯಯನಗಳು ತಾವೇ ಉಸಿರಾಡುವ ಮಕ್ಕಳಲ್ಲಿ ನಡೆಯಬೇಕು; ಸ್ಪಂದನೆ ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು ಉಳಿಯಿತು ಎಂಬುದನ್ನೂ ಅಳೆಯಬೇಕು.