ರೆಪ್ಟನ್ನನ ಕೆಂಪು ಪುಸ್ತಕಗಳು

ಬಿಫೋರ್-ಆಫ್ಟರ್ ಚಿತ್ರ ಇಲ್ಲದ ಡಿಸೈನ್ ಪೋರ್ಟ್‌ಫೋಲಿಯೋ ಈಗ ಸಿಗೋದೇ ಅಪರೂಪ. ಈ ತಂತ್ರವನ್ನು 18ನೇ ಶತಮಾನದ ಕೊನೆಯಲ್ಲೇ ಕತ್ತರಿ, ಗೋಂದು ಹಿಡಿದು ಹೊಟ್ಟೆಪಾಡು ಮಾಡಿಕೊಂಡವನು ಇಂಗ್ಲೆಂಡಿನ ಹಂಫ್ರಿ ರೆಪ್ಟನ್.

ಬಟ್ಟೆ ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಈತ 1788ರಲ್ಲಿ, 36ನೇ ವಯಸ್ಸಿಗೆ, ಶ್ರೀಮಂತರ ಎಸ್ಟೇಟುಗಳಿಗೆ ಉದ್ಯಾನ ವಿನ್ಯಾಸ ಮಾಡ್ತೀನಿ ಅಂತ ಹೊರಟ. ಆ ಕಸುಬಿನ ದೊಡ್ಡ ಹೆಸರು ‘ಕೇಪಬಿಲಿಟಿ’ ಬ್ರೌನ್ ತೀರಿಕೊಂಡು ಐದು ವರ್ಷವಾಗಿತ್ತು. ಜಾಗ ಖಾಲಿಯಿತ್ತು ನಿಜ, ಆದರೆ ತಾನು ಮಾಡಿದ್ದು ಅಂತ ತೋರಿಸೋಕೆ ರೆಪ್ಟನ್ ಹತ್ರ ತೋಟಗಳಿರಲಿಲ್ಲ. ಇದ್ದದ್ದು ಜಲವರ್ಣದ ಕೈಚಳಕ.

ಮೊದಲು ಒಂದು ಕಾರ್ಡ್ ಮಾಡಿಸಿದ. ಅದರಲ್ಲಿ ತಾನೇ ಅಳತೆಯ ಉಪಕರಣದ ಪಕ್ಕ ನಿಂತಿದ್ದಾನೆ, ಸುತ್ತ ಕೆಲಸಗಾರರು. ಇದು ಗುರುತು ಹಿಡಿಸೋಕೆ. ಕ್ಲೈಂಟ್ ಸಿಕ್ಕಮೇಲೆ ಬೇರೆಯದೇ ಆಟ: ಆ ಒಂದೇ ಮನೆಗಾಗಿ ಕೈಬರಹ, ಚಿತ್ರ ಸೇರಿಸಿದ ಪುಸ್ತಕ. ಹೆಚ್ಚಾಗಿ ಕೆಂಪು ಚರ್ಮದ ರಟ್ಟು; ಹಾಗಾಗಿ ‘ಕೆಂಪು ಪುಸ್ತಕ’. ಚಿತ್ರದ ಮೇಲೆ ಅಂಟಿಸಿದ ಕಾಗದದ ಚೂರಿನಲ್ಲಿ ಜಾಗ ಈಗಿರುವ ಹಾಗೆ ಕಾಣುತ್ತೆ. ಅದನ್ನು ಎತ್ತಿದರೆ ಕೆರೆ, ಮರ, ಹೊಸ ದಾರಿ. ಇನ್ನು 1795ರಲ್ಲಿ ಅಚ್ಚಾದ ಪುಸ್ತಕ, ಕೆಂಪು ಪುಸ್ತಕಗಳಿಂದಲೇ ಆಯ್ದದ್ದಾದರೂ, ಅವನ ಶೈಲಿಯನ್ನು ಟೀಕಿಸಿದ್ದವರಿಗೆ ಉತ್ತರವೂ ಆಗಿತ್ತು.

ಎಡವಟ್ಟಾಗಿದ್ದು ಬೇರೆ ಕಡೆ. ಬ್ರೌನ್ ಕಾಮಗಾರಿಯ ಗುತ್ತಿಗೆಯನ್ನೂ ಹಿಡಿದು ದುಡ್ಡು ಮಾಡಿದ್ದ. ರೆಪ್ಟನ್ನನದು ಸಲಹೆಯ ಫೀ ಮಾತ್ರ. ಮಣ್ಣು ಅಗೆಸೋದು ಕ್ಲೈಂಟಿಗೆ ಬಿಟ್ಟದ್ದು. ಎಷ್ಟೋ ಯೋಜನೆಗಳು ಅರೆಬರೆಯಾದವು, ಕೆಲವು ಪುಸ್ತಕದಲ್ಲೇ ಉಳಿದವು. ನನ್ನ ಅನುಮಾನ ಏನಂದ್ರೆ, ಚಿತ್ರಗಳು ಅಷ್ಟು ಚೆನ್ನಾಗಿದ್ದದ್ದೇ ತಪ್ಪಾಯ್ತು. ದಿವಾನಖಾನೆಯಲ್ಲಿ ಕೂತು ಕಾಗದ ಎತ್ತಿದರೆ ಕೆರೆ ಸಿಗುತ್ತೆ, ಇನ್ನು ತೋಡಿಸೋದ್ಯಾಕೆ? ಹೆಸರಿಗೇನೂ ಕೊರತೆ ಇರಲಿಲ್ಲ ಬಿಡಿ. ಜೇನ್ ಆಸ್ಟಿನ್ನಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯ ಪಾತ್ರಗಳು ಅವನ ದಿನದ ದರವನ್ನೂ ಮಾತಾಡಿಕೊಳ್ಳುತ್ತವೆ: ಐದು ಗಿನಿ.

1811ರ ಗಾಡಿ ಅಪಘಾತ ಅವನನ್ನು ಗಾಲಿಕುರ್ಚಿಗೆ ತಂದಿತು. ಸಾಯುವುದಕ್ಕೆ ಎರಡು ವರ್ಷ ಮುಂಚೆ, 1816ರಲ್ಲಿ, ಬಂದ ಕೊನೆಯ ಪುಸ್ತಕದಲ್ಲಿ ತನ್ನದೇ ಪುಟ್ಟ ಮನೆಯ ಎದುರಿನ ನೋಟವನ್ನು ಹಾಕಿದ್ದಾನೆ. ಮೇಲಿನ ಚೂರಿನಲ್ಲಿ ರಸ್ತೆ, ಮಾಂಸ ತೂಗುಹಾಕಿದ ಅಂಗಡಿ, ಬೇಲಿಯಾಚೆ ಒಬ್ಬ ಭಿಕ್ಷುಕ. ಎತ್ತಿದರೆ ತೋಟ ಇಪ್ಪತ್ತೈದು ಗಜ ಮುಂದಕ್ಕೆ ಬಂದಿದೆ, ಹೂಬಳ್ಳಿ ಅಂಗಡಿಯನ್ನು ಮರೆಮಾಡಿದೆ. ಭಿಕ್ಷುಕ ಇಲ್ಲ.